ನಾಲ್ಕನೆಯ ಪುಟದ ಮುಸುಕುಧಾರಿ

ಬೋಗಾದಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿಯಿದೆ. ಎರಡು ಮಷೀನು, ಕತ್ತರಿಸುವ ಮೇಜು, ಒಂದು ಹಬೆಯ ಇಸ್ತ್ರಿಪೆಟ್ಟಿಗೆ. ಗಿರಾಕಿಗಳ ಬಟ್ಟೆ ಇಡಬೇಕಾದ ಕಬ್ಬಿಣದ ಬೀರುವಿನಲ್ಲಿ ಹಳೆಯ ಪತ್ರಿಕೆಗಳಿವೆ. ಬಟ್ಟೆಗಳು ಹೊರಗೆ ಚೀಲಗಳಲ್ಲಿ ನೇತಾಡುತ್ತವೆ. ಜೇಬಿನಲ್ಲಿ ಹಿಡಿಸುವಂಥ ಪತ್ತೇದಾರಿ ಮಾಸಿಕಗಳು, ಮುಖಪುಟದಲ್ಲಿ ಚಾಕು ಹಿಡಿದ ಕೈ, ಒಳಗೆ ಮುಟ್ಟಿದರೆ ಪುಡಿಯಾಗುವ ಒಣಹುಲ್ಲಿನ ಬಣ್ಣದ ಕಾಗದ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ದೇವರಿಗೆ ಊದುಬತ್ತಿ ಹಚ್ಚುವುದಕ್ಕೂ ಮೊದಲು, ಬೀರು ತೆರೆದು ಹುಳ ಬಿದ್ದಿದೆಯೇ ಎಂದು ನೋಡುತ್ತೇನೆ. ಮಳೆ ಬಂದರೆ ತೇವದ ಹೆದರಿಕೆ, ಬಿಸಿಲು ಬಂದರೆ ಕಾಗದ ಒಡೆಯುವ ಹೆದರಿಕೆ. ಹೆದರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ.

ಇಷ್ಟೆಲ್ಲ ಕೂಡಿಟ್ಟಿದ್ದರೂ ನಾನು ನಿಜವಾಗಿ ಹುಡುಕುತ್ತಿದ್ದದ್ದು ಒಬ್ಬನನ್ನೇ. ನಾನು ಚಿಕ್ಕವಳಿದ್ದಾಗ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಹೆಂಗಸರೆಲ್ಲ ಕಾದು ಓದುವ ಒಂದು ಧಾರಾವಾಹಿ, ವಾರಕ್ಕೆ ಮೂರು ಪುಟ. ಅದರ ಬೆನ್ನಿಗೆ ಬರುವ ನಾಲ್ಕನೆಯ ಪುಟದಲ್ಲಿ ಚಿತ್ರಕಥೆ. ಹೆಗಲಿಗೆ ಕಂಬಳಿ ಕಟ್ಟಿಕೊಂಡು, ಕಣ್ಣಿಗೆ ಕಪ್ಪು ಮುಸುಕು ಹಾಕಿಕೊಂಡು, ಹೆಂಚಿನಿಂದ ಹೆಂಚಿಗೆ ಹಾರುವ ಒಬ್ಬ ಗಂಡಸು. ಪಂಪ್‌ಸೆಟ್ ಕದಿಯುವವರನ್ನು, ಸೀಮೆಎಣ್ಣೆಗೆ ನೀರು ಬೆರೆಸುವವರನ್ನು ಹಿಡಿದು ಮರಕ್ಕೆ ಕಟ್ಟಿ ಹೋಗುತ್ತಿದ್ದ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಣ್ಣದ ಚಿತ್ರಪುಸ್ತಕಗಳು, ಬಿಗಿ ಉಡುಪಿನ ಮಹಾವೀರರು ನಮಗೆ ಕಾಣಿಸಿದ್ದು ಆಮೇಲೆ. ನನ್ನ ಪಾಲಿಗೆ ಮೊದಲು ಹಾರಿದವನು ಕಂಬಳಿಯವನೇ.

ಅವನು ಹುಟ್ಟಿದ್ದು ಹೇಗೆ ಎಂಬುದಕ್ಕೆ ನನ್ನದೊಂದು ತರ್ಕವಿದೆ. ಈ ಧಾರಾವಾಹಿ ಶುರುವಾಗುವ ಮೊದಲು ಆ ಪುಟದಲ್ಲಿ ಜಾಹೀರಾತು ಇರುತ್ತಿತ್ತು. ಅದೇ ಪತ್ರಿಕೆಯ ಬೇರೆ ಪುಟಗಳಲ್ಲಿ ಒಂದು ಪತ್ತೇದಾರಿ ಕಥೆಯಿತ್ತು, ಅದರ ನಾಯಕ ವೇಷ ಮರೆಸಿಕೊಂಡು ಕಂಬಳಿ ಹೊದ್ದು ಓಡಾಡುತ್ತಿದ್ದ. ಜಾಹೀರಾತು ಸಿಗದ ಯಾವುದೋ ವಾರ ಖಾಲಿ ಉಳಿದ ಪುಟ ತುಂಬಿಸಲು ಚಿತ್ರಗಾರ ಆ ವೇಷವನ್ನೇ ಎತ್ತಿಕೊಂಡು, ಮುಸುಕು ಹಾಕಿ, ಕೈಕಾಲಿಗೆ ಒಂದಿಷ್ಟು ಬಲ ತುಂಬಿ ಹಾರಿಸಿಬಿಟ್ಟಿರಬೇಕು. ಹಳೆಯ ಪತ್ರಿಕೆ ಕೂಡಿಡುವವರ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಬರೆದಾಗ ಗಂಡಸರೆಲ್ಲ ನಗುವ ಗೊಂಬೆಗಳನ್ನು ಹಾಕಿದರು. ಒಬ್ಬರಂತೂ, ಬ್ಲೌಸಿಗೆ ಬಟ್ಟೆ ಸಾಲದಿದ್ದರೆ ತೇಪೆ ಹಾಕಿದ ಹಾಗಾಯಿತು ಎಂದು ಬರೆದರು. ಹೌದು, ಹಾಗೆಯೇ ಆಗಿದ್ದು ಎಂದು ನಾನೂ ಬರೆದೆ. ಆಮೇಲೆ ಮೂರು ದಿನ ಆ ಗುಂಪು ತೆರೆಯಲಿಲ್ಲ.

ಆ ವಾರಪತ್ರಿಕೆಯ ಇಡೀ ಸಂಚಿಕೆ ಈಗ ಯಾರ ಹತ್ತಿರವೂ ಇಲ್ಲ. ಆದರೆ ನಮ್ಮ ಕಡೆ ಹೆಂಗಸರಿಗೆ ಒಂದು ರೂಢಿಯಿತ್ತು. ಇಷ್ಟವಾದ ಧಾರಾವಾಹಿಯ ಹಾಳೆಗಳನ್ನು ವಾರವಾರ ಪತ್ರಿಕೆಯಿಂದ ಬಿಡಿಸಿ ದಿಂಬಿನ ಕೆಳಗೆ ಇಟ್ಟುಕೊಳ್ಳುವರು. ಕಥೆ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು ರಟ್ಟು ಹಾಕಿಸಿ ಪುಸ್ತಕ ಮಾಡಿಕೊಳ್ಳುವರು. ಮಿಕ್ಕಿದ್ದೆಲ್ಲ ರದ್ದಿಗೆ. ಮೂರನೆಯ ಪುಟ ಬಿಡಿಸಿದರೆ ಅದರ ಬೆನ್ನಿಗಿರುವ ನಾಲ್ಕನೆಯ ಪುಟ ತಾನಾಗಿಯೇ ಬರಬೇಕಲ್ಲ? ಹೀಗೆ ನನ್ನ ಕಂಬಳಿಯವನು ಯಾರಿಗೂ ಬೇಡವಾಗಿ, ಹೆಂಗಸರ ಕಣ್ಣೀರಿನ ಕಥೆಯ ಹಿಂಬದಿ ಹಿಡಿದುಕೊಂಡು ಉಳಿದುಕೊಂಡ. ಅಳತೆ ಕೊಡಲು ಬರುವ ಪ್ರತಿಯೊಬ್ಬ ಹಿರಿಯ ಹೆಂಗಸನ್ನೂ ನಾನು ಕೇಳುತ್ತಿದ್ದೆ, ಮನೆಯಲ್ಲಿ ಹೊಲಿದಿಟ್ಟ ಧಾರಾವಾಹಿ ಏನಾದರೂ ಇದೆಯೇ ಎಂದು. ವರ್ಷಗಟ್ಟಲೆ ಕೇಳಿ ಕೇಳಿ ನಲವತ್ತು ವಾರಗಳಲ್ಲಿ ಮೂವತ್ತೊಂಬತ್ತು ವಾರಗಳ ಚಿತ್ರ ಸಿಕ್ಕಿತು.

ಸಿಗದಿದ್ದದ್ದು ಕೊನೆಯದು. ಮುಂದಿನ ವಾರ ಮುಸುಕು ತೆಗೆಯುತ್ತಾನೆ ಎಂದು ಮೂವತ್ತೊಂಬತ್ತನೆಯದರ ಕೆಳಗೆ ಅಚ್ಚಾಗಿತ್ತು. ಆ ವಾರಗಳಲ್ಲಿ ನಾನು ಬೇಸಿಗೆ ರಜಕ್ಕೆಂದು ಮಂಡಕಳ್ಳಿಯ ದೊಡ್ಡವ್ವನ ಮನೆಯಲ್ಲಿದ್ದೆ, ನನಗೆ ಹತ್ತು ವರ್ಷ. ಪತ್ರಿಕೆ ಬರುತ್ತಿದ್ದದ್ದು ಅವಳ ಮನೆಗೇ. ಕೊನೆಯ ವಾರದ್ದು ಬರುವ ಮೊದಲೇ ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ನಮ್ಮ ಊರು ಕಡಕೊಳಕ್ಕೆ ಕರೆತಂದುಬಿಟ್ಟರು. ಆ ಮುಸುಕಿನ ಹಿಂದೆ ಯಾರ ಮುಖವಿತ್ತು ಎಂಬುದು ಈ ಅರವತ್ತರ ಹತ್ತಿರದವರೆಗೂ ನನಗೆ ಗೊತ್ತಾಗಲಿಲ್ಲ. ನಗುವವರು ನಗಲಿ, ನನಗೆ ಅದು ಬೇಕಿತ್ತು.

ದೊಡ್ಡವ್ವ ನನ್ನ ತಾಯಿಯ ಅಕ್ಕ, ಎಂಬತ್ತು ದಾಟಿದ್ದಾಳೆ, ಮಗ ಸೊಸೆಯ ಜೊತೆ ಮಂಡಕಳ್ಳಿಯಲ್ಲೇ ಇದ್ದಾಳೆ. ಅವಳ ಹತ್ತಿರ ಆ ಧಾರಾವಾಹಿ ಇಲ್ಲವೆಂದೇ ನಾನು ತಿಳಿದಿದ್ದೆ, ಏಕೆಂದರೆ ಎಷ್ಟು ಸಲ ಕೇಳಿದರೂ ಅದೆಲ್ಲ ಎಲ್ಲೋ ಹೋಯಿತು ಎನ್ನುತ್ತಿದ್ದಳು. ಹೋದ ತಿಂಗಳು ಕಾರ್ತಿಕದಲ್ಲಿ ಅವಳ ಸೊಸೆಯ ಬ್ಲೌಸುಗಳನ್ನು ಕೊಡಲು ಹೋದಾಗ ಗುಟ್ಟು ಹೊರಬಿತ್ತು. ದೀಪ ಹಚ್ಚಿದ ಹೊತ್ತು. ಸೊಸೆ ಜಗಲಿಯಲ್ಲಿ ಕೂತು ಕಂದು ರಟ್ಟಿನ ಪುಸ್ತಕವೊಂದನ್ನು ಜೋರಾಗಿ ಓದುತ್ತಿದ್ದಳು, ದೊಡ್ಡವ್ವ ಗೋಡೆಗೊರಗಿ ಕೇಳುತ್ತಿದ್ದಳು. ಕಣ್ಣು ಮಂಜಾದ ಮೇಲೆ ದಿನಕ್ಕೊಂದು ಕಂತಿನಂತೆ ಓದಿಸಿಕೊಳ್ಳುತ್ತಾಳಂತೆ. ಎರಡು ಸಾಲು ಕೇಳಿದ್ದೇ ನನಗೆ ಯಾವ ಧಾರಾವಾಹಿಯೆಂದು ತಿಳಿದುಹೋಯಿತು.

ಪುಸ್ತಕ ಕೈಗೆ ತೆಗೆದುಕೊಂಡು ಹಾಳೆ ಮಗುಚಿದೆ. ಪ್ರತಿ ಕಂತಿನ ನಾಲ್ಕನೆಯ ಪುಟದ ಮೇಲೂ ಬಿಳಿ ಕಾಗದ ಅಂಟಿಸಿತ್ತು. ನಲವತ್ತು ಕಂತು, ನಲವತ್ತು ಬಿಳಿ ಪುಟ. ಕೊನೆಯದರ ಮೇಲೂ. ಬೆಳಕಿಗೆ ಹಿಡಿದರೆ ಏನೋ ಕಪ್ಪು ಗೆರೆಗಳು ಮಸುಕಾಗಿ ಕಾಣುತ್ತಿದ್ದವು, ಅಷ್ಟೆ. ಓದಲು ಚೊಕ್ಕಟವಾಗಿರಲೆಂದು ಕೆಲವರು ಹೀಗೆ ಮಾಡುವುದುಂಟು, ಹಾಗೇ ಇರಬೇಕು ಎಂದುಕೊಂಡೆ. ಫೋಟೋ ತೆಗೆದುಕೊಂಡು ಶುಕ್ರವಾರದೊಳಗೆ ತಂದುಕೊಡುತ್ತೇನೆ ಎಂದು ಕೇಳಿದೆ. ದೊಡ್ಡವ್ವ ಪುಸ್ತಕ ಹಿಡಿದಿದ್ದ ನನ್ನ ಕೈ ತಡವಿ ಹುಡುಕಿ ಹಿಡಿದಳು.

“ತಗೊಂಡೋಗು. ಹಿಂದ್ಗಡೆ ಮಾತ್ರ ಕೆಣಕ್ಬೇಡ ಕಣವ್ವ.”

ಇಲ್ಲ ದೊಡ್ಡವ್ವ ಎಂದೆ. ಹೇಳುವಾಗಲೇ ಮನಸ್ಸಿನಲ್ಲಿ ಇಸ್ತ್ರಿಪೆಟ್ಟಿಗೆಗೆ ನೀರು ತುಂಬಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಮಾರನೆಯ ದಿನ ಬುಧವಾರ. ಅಂಗಡಿಯ ಅರ್ಧ ಬಾಗಿಲು ಎಳೆದು ಕೂತೆ. ಬಟ್ಟೆ ಗಟ್ಟಿ ನಿಲ್ಲಲೆಂದು ಒಳಗೆ ಅಂಟಿಸಿದ ಕ್ಯಾನ್ವಾಸು ಬಿಡಿಸುವುದು ನಮ್ಮ ಕಸುಬಿನಲ್ಲಿ ದಿನದ ಕೆಲಸ: ಒದ್ದೆ ಬಟ್ಟೆ ಹಾಸಬೇಕು, ಮೇಲಿನಿಂದ ಹಬೆ ಬಿಡಬೇಕು, ಎಣಿಸುತ್ತ ಕಾಯಬೇಕು, ಮೂಲೆಯಿಂದ ಎಳೆಯಬೇಕು. ಕಾಗದಕ್ಕೂ ಅದೇ ಎಂದು ನನ್ನ ಲೆಕ್ಕ. ಮೊದಲ ಕಂತಿನ ಮೇಲೆ ಪ್ರಯೋಗ ಮಾಡಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಮೈದಾ ಅಂಟು ಮೆತ್ತಗಾಗಿ ಬಿಳಿ ಕಾಗದ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಕೆಳಗೆ ಕಂಬಳಿಯವನು, ಹೆಂಚಿನ ಮೇಲೆ ಕಾಲೂರಿ ನಿಂತಿದ್ದ. ಆ ಖುಷಿಯಲ್ಲಿ ನನ್ನ ಹೆದರಿಕೆಗಳೆಲ್ಲ ಒಂದು ಗಳಿಗೆ ಎಲ್ಲಿಗೆ ಹೋದವೋ ಕಾಣೆ.

ಫೋಟೋ ತೆಗೆಯುವುದನ್ನೂ ಮರೆತು ನೇರವಾಗಿ ಕೊನೆಯ ಕಂತಿಗೆ ಬಂದೆ. ಆ ಹಾಳೆ ರಟ್ಟಿಗೆ ತಗುಲಿಕೊಂಡು ಇರುವುದರಿಂದ ಅಲ್ಲಿ ಅಂಟು ದಪ್ಪವಾಗಿತ್ತು. ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಅದರ ಹಸಿರು ಛಾಯೆ ಅಂಚಿನಲ್ಲಿ ಕಾಣುತ್ತಿತ್ತು. ಇಪ್ಪತ್ತಕ್ಕೆ ಏಳಲಿಲ್ಲ. ಮತ್ತೆ ಹಬೆ ಬಿಟ್ಟು ಬಟ್ಟೆ ಮುಚ್ಚಿದೆ. ಅಷ್ಟರಲ್ಲಿ ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಒಬ್ಬ ಗಿರಾಕಿ ಒಳಗೆ ಬಂದರು. ತೋಳು ಬಿಗಿಯಾಗಿದೆ, ಸಂಜೆ ಆರತಕ್ಷತೆಗೆ ಹೋಗಬೇಕು, ಈಗಲೇ ಬಿಚ್ಚಿಕೊಡಿ ಎಂದು ಪಟ್ಟು. ನೀವೇ ದಪ್ಪಗಾಗಿದ್ದೀರಿ ಎಂದು ಹೇಳುವ ಹಾಗಿಲ್ಲ. ಬಿಚ್ಚಿ, ಅರ್ಧ ಅಂಗುಲ ಬಿಟ್ಟು, ಹೊಲಿದುಕೊಟ್ಟು ಅವರನ್ನು ಕಳಿಸಿ ಮೇಜಿನ ಹತ್ತಿರ ಬಂದಾಗ ಒದ್ದೆ ಬಟ್ಟೆಯ ಕೆಳಗೆ ಹಾಳೆ ನೆನೆದು ಕೂತಿತ್ತು.

ಆಗಲಾದರೂ ಒಣಗಲು ಬಿಡಬೇಕಿತ್ತು. ಕೈ ಕೇಳಲಿಲ್ಲ. ಮೂಲೆ ಹಿಡಿದು ಎಳೆದೆ. ಬಿಳಿ ಕಾಗದ ಎದ್ದಿತು, ಆದರೆ ಒಂಟಿಯಾಗಿ ಅಲ್ಲ. ಚಿತ್ರವಿದ್ದ ಪದರವನ್ನೂ ತನ್ನ ಹೊಟ್ಟೆಗೆ ಅಂಟಿಸಿಕೊಂಡೇ ಎದ್ದಿತು. ಮಧ್ಯಕ್ಕೆ ಬರುವಷ್ಟರಲ್ಲಿ ಇಡೀ ಹಾಳೆಯೇ ಜೊತೆಗೆ ಕಿತ್ತು ಬಂತು. ಬಿಟ್ಟುಬಿಟ್ಟೆ. ಅಂಗೈಯಗಲ ತೂತು. ಹಾಳೆ ಎತ್ತಿ ಹಿಡಿದರೆ ಆ ಕಡೆ ಮೇಜಿನ ಮರ ಕಾಣುತ್ತಿತ್ತು. ಕಿತ್ತು ಬಂದದ್ದು ನನ್ನ ಬೆರಳಲ್ಲಿ ರೊಟ್ಟಿ ಹಿಟ್ಟಿನ ಹಾಗೆ ಮುದ್ದೆಯಾಗಿತ್ತು. ಅದರೊಳಗೆ ಎಲ್ಲೋ ಆ ಮುಖ ಇತ್ತು. ಬಿಡಿಸಿ ನೋಡಲು ಹೋದರೆ ಬರೀ ಕಪ್ಪು ನೀರು.

ಮುಖ ಹೋಯಿತು ಎಂಬ ಸಂಕಟ ನನಗೆ ಐದು ನಿಮಿಷವೂ ಇರಲಿಲ್ಲ. ಹಾಳೆ ಮಗುಚಿದೆ. ಮುಂಭಾಗದಲ್ಲಿ ಧಾರಾವಾಹಿಯ ಕೊನೆಯ ಪುಟ. ಕಥೆಯ ಹೆಂಗಸು ಎಷ್ಟೋ ವರ್ಷಗಳ ಮೇಲೆ ತವರಿನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವಳನ್ನು ಒಳಗೆ ಕರೆಯುತ್ತಾರೋ ಇಲ್ಲವೋ, ಅದೇ ತೂತಿನಲ್ಲಿ ಹೋಗಿತ್ತು. ಮೇಲೆ ಹನ್ನೆರಡು ಸಾಲು, ಕೆಳಗೆ ಮೂರು ಸಾಲು. ಶುಕ್ರವಾರಕ್ಕೆ ಒಂದೇ ದಿನ ಉಳಿದಿತ್ತು.

ಗುರುವಾರ ಅಂಗಡಿ ತೆರೆಯಲಿಲ್ಲ. ನನಗೆ ಹಿಂದೆ ಚಿತ್ರಗಳನ್ನು ಕೊಟ್ಟಿದ್ದ ಮನೆಗಳಿಗೆಲ್ಲ ಮತ್ತೆ ಫೋನು ಮಾಡಿದೆ. ಕೊನೆಯ ಕಂತು ಯಾರ ಪುಸ್ತಕದಲ್ಲೂ ಇಲ್ಲವೆಂದು ನನಗೇ ಗೊತ್ತಿತ್ತು, ಆದರೂ ಮಾಡಿದೆ. ಹಳೆಯ ಪುಸ್ತಕ ಮಾರುವ ಬೀದಿಬದಿಯವರನ್ನೆಲ್ಲ ಒಂದು ಸುತ್ತು ವಿಚಾರಿಸಿ ಬಂದೆ. ವಾಟ್ಸಾಪ್ ಗುಂಪಿನಲ್ಲಿ, ಚಿತ್ರ ಬೇಡ, ಧಾರಾವಾಹಿಯ ಕೊನೆಯ ಪುಟ ಯಾರ ಬಳಿಯಾದರೂ ಇದೆಯೇ ಎಂದು ಕೇಳಿದೆ. ಆ ಸಲ ಯಾರೂ ನಗಲಿಲ್ಲ, ಯಾರ ಬಳಿಯೂ ಇರಲಿಲ್ಲ.

ಊಟ ಸೇರಲಿಲ್ಲ. ಕೂತರೆ ನಿಂತರೆ ಒಂದೇ ಯೋಚನೆ: ಹುಳ ತಿಂದಿದೆ ಎಂದುಬಿಟ್ಟರೆ? ದೊಡ್ಡವ್ವನಿಗೆ ಕಣ್ಣು ಕಾಣಿಸದು. ಅವರು ಓದುತ್ತಿರುವುದು ಇನ್ನೂ ಹದಿನೇಳನೆಯ ಕಂತು. ಕೊನೆಗೆ ಬರುವಷ್ಟರಲ್ಲಿ ನಾನು ಪುಸ್ತಕ ಕೊಟ್ಟು ಇಪ್ಪತ್ತು ದಿನ ಆಗಿರುತ್ತದೆ. ಹಳೆಯ ಕಾಗದಕ್ಕೆ ಹುಳ ಬೀಳುವುದರಲ್ಲಿ ಆಶ್ಚರ್ಯವೇನಿದೆ. ಹೇಗೆ ಹೇಳಬೇಕು, ಮುಖ ಹೇಗಿಟ್ಟುಕೊಳ್ಳಬೇಕು ಎಂದು ಕನ್ನಡಿಯ ಮುಂದೆ ನಿಂತು ಹೇಳಿಕೊಂಡೂ ನೋಡಿದೆ. ಆ ಮುಖ ನನಗೇ ಸಹಿಸಲಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ನಂಜನಗೂಡು ರಸ್ತೆಯ ಬಸ್ಸು ಹತ್ತಿದೆ. ಪುಸ್ತಕವನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಹುಳ ಎಂದೇ ಹೇಳುವುದು ಎಂದು ಒಂದು ಸ್ಟಾಪಿನಲ್ಲಿ ತೀರ್ಮಾನ, ನಿಜ ಹೇಳುವುದು ಎಂದು ಇನ್ನೊಂದು ಸ್ಟಾಪಿನಲ್ಲಿ. ಮಂಡಕಳ್ಳಿಯಲ್ಲಿ ಇಳಿದಾಗ ತಲೆಯ ಮೇಲೆ ವಿಮಾನ ಹೋಯಿತು, ಆ ಸದ್ದಿಗೆ ಬೆಚ್ಚಿಬಿದ್ದೆ. ದೊಡ್ಡವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕಣ್ಣು ಕಾಣದಿದ್ದರೂ ಬೆರಳು ಹುಳುಕು ಕಾಳನ್ನು ಹುಡುಕಿ ಪಕ್ಕಕ್ಕೆ ಹಾಕುತ್ತಿದ್ದವು. ಅದನ್ನು ನೋಡಿದ ಮೇಲೆ ಹುಳದ ಸುಳ್ಳು ನನ್ನ ಬಾಯಿಗೆ ಬರಲಿಲ್ಲ.

ಎಲ್ಲವನ್ನೂ ಹೇಳಿದೆ. ಹಬೆ, ಗಿರಾಕಿ, ತೂತು. ಅವಳ ಬೆರಳನ್ನು ಹಿಡಿದು ತೂತಿನ ಅಂಚಿನ ಮೇಲಿಟ್ಟೆ. ಅವಳು ಸುತ್ತ ತಡವಿ ಅದರ ಅಳತೆ ತೆಗೆದುಕೊಂಡಳು.

“ಹಿಂದ್ಗಡೆ ಕೆಣಕ್ಬೇಡ ಅಂದಿದ್ನಲ್ಲೇ,” ಎಂದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು.

ಅವನ ಮುಖ ನೋಡಬೇಕಿತ್ತು ದೊಡ್ಡವ್ವ, ಚಿಕ್ಕಂದಿನಿಂದ ಆಸೆ, ಎಂದೇನೋ ತೊದಲಿದೆ. ನೀನು ಯಾಕೆ ಅಂಟಿಸಿದ್ದು ಎಂದೂ ಕೇಳಿಬಿಟ್ಟೆ, ತಪ್ಪಿನಲ್ಲಿ ಅವಳದೂ ಒಂದು ಪಾಲಿದೆ ಎನ್ನುವ ಹಾಗೆ. ಆಗಲೇ ಅವಳ ಮಗ ಹಟ್ಟಿಯ ಕಡೆಯಿಂದ ಬಂದ. ವರಸೆಯಲ್ಲಿ ನನಗೆ ತಮ್ಮ, ಮೂರು ವರ್ಷ ಚಿಕ್ಕವನು, ಎಡಗಾಲು ಎಳೆದು ನಡೆಯುತ್ತಾನೆ. ಏಳು ವರ್ಷದವನಿದ್ದಾಗ ಕೊಟ್ಟಿಗೆಯ ಮೇಲೆ ಹಬ್ಬಿದ ಬಳ್ಳಿಯಿಂದ ಕುಂಬಳಕಾಯಿ ಕೀಳಲು ಹತ್ತಿ ಬಿದ್ದು ಕಾಲು ಮುರಿದುಕೊಂಡ ಎಂದು ಮನೆಯಲ್ಲಿ ಎಲ್ಲರೂ ಹೇಳುವುದು. ದೊಡ್ಡವ್ವ ಅವನ ಹೆಜ್ಜೆ ಸದ್ದಿನ ಕಡೆ ಮುಖ ತಿರುಗಿಸಿದಳು.

“ಕುಂಬ್ಳಕಾಯಿಗಲ್ಲ ಕಣೇ ಅವನು ಹತ್ತಿದ್ದು. ನಿಮ್ಮ ದೊಡ್ಡಪ್ಪನ ಕಂಬಳಿ ಕಟ್ಕೊಂಡು ಎಗರಿದ. ನೀನು ದಿನಾ ಓದಿ ಹೇಳ್ತಿದ್ದೆಯಲ್ಲ, ಕಂಬಳೀಲಿ ಗಾಳಿ ತುಂಬ್ಕಂಡ್ರೆ ಮನುಸ ಕೆಳಗ್ ಬೀಳಾಕಿಲ್ಲ ಅಂತ.”

ನಾನು ಹೇಳಿದ್ದೆ. ಚಿತ್ರಕಥೆಯಲ್ಲಿ ಆ ಮಾತೇ ಇರಲಿಲ್ಲ, ನಾನೇ ಸೇರಿಸಿ ಹೇಳಿದ್ದೆ; ಕೇಳುವವನ ಬಾಯಿ ತೆರೆದುಕೊಳ್ಳುವುದು ನೋಡಲು ನನಗೆ ಇಷ್ಟವಾಗುತ್ತಿತ್ತು. ಅವನು ಬಿದ್ದ ದಿನ ನಾನು ಬಾವಿಯ ಹತ್ತಿರ ಇದ್ದೆ. ಓಡಿ ಬಂದಾಗ ಕೊಟ್ಟಿಗೆಯ ಮುಂದೆ ಕಂಬಳಿ ಬಿದ್ದಿತ್ತು. ಅದನ್ನು ನೋಡಿದ್ದೇನೆ. ಇಷ್ಟು ವರ್ಷ ಕುಂಬಳಕಾಯಿಯ ಮಾತನ್ನು ನಂಬಿದ್ದೆನೋ, ನಂಬಿದ ಹಾಗೆ ಇದ್ದುಬಿಟ್ಟೆನೋ, ಈಗ ಖಾತ್ರಿಯಾಗಿ ಹೇಳಲಾರೆ.

ದೊಡ್ಡವ್ವ ಮೊರ ಪಕ್ಕಕ್ಕೆ ಸರಿಸಿ ಮಿಕ್ಕಿದ್ದನ್ನು ಹೇಳಿದಳು. ಮಗ ಪ್ರಜ್ಞೆ ಬಂದೊಡನೆ ಅವಳ ಕಿವಿಯಲ್ಲಿ ನಿಜ ಹೇಳಿದ್ದನಂತೆ. ಅವಳು ಕಂಬಳಿ ಎತ್ತಿಟ್ಟು, ಬಳ್ಳಿಯಿಂದ ತಾನೇ ಒಂದು ಕುಂಬಳಕಾಯಿ ಕಿತ್ತು ಕೆಳಗೆ ಹಾಕಿದಳಂತೆ. ನನ್ನಪ್ಪ ಆಗಲೇ, ಹೆಣ್ಣುಮಗುವಿಗೆ ಓದಿನ ಹುಚ್ಚು ಹೆಚ್ಚಾಯಿತು, ಶಾಲೆ ಬಿಡಿಸುತ್ತೇನೆ ಎನ್ನುತ್ತಿದ್ದರು. ಇದೂ ಗೊತ್ತಾದರೆ ಮುಗಿದೇ ಹೋಯಿತು. ತನ್ನ ಗಂಡನಾಗಲಿ ನನ್ನಪ್ಪನಾಗಲಿ ಆ ಹಾಳೆಗಳನ್ನು ತೆಗೆದು ಕಂಬಳಿಯವನನ್ನು ನೋಡಿ ಆದದ್ದನ್ನು ಊಹಿಸಬಾರದೆಂದು ಕೂತು ಎಲ್ಲ ಚಿತ್ರಗಳ ಮೇಲೂ ಕಾಗದ ಅಂಟಿಸಿದಳು. ಕೊನೆಯ ಕಂತು ಬಂದಾಗ ಅದಕ್ಕೂ ಅಂಟಿಸಿ, ರಟ್ಟು ಹಾಕಿಸಿ, ಪೆಟ್ಟಿಗೆಯ ತಳಕ್ಕೆ ಹಾಕಿದಳು. ನಾನು ಶಾಲೆ ಮುಗಿಸಿದೆ.

ನನಗೆ ಅಳು ತಡೆಯಲಾಗಲಿಲ್ಲ. ತಮ್ಮ ಕಂಬಕ್ಕೆ ಒರಗಿ ನಿಂತು, “ಬುಡವ್ವ, ಹಳೇ ಮಾತು,” ಎಂದ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಕಾಲು ನೋಡಲಿಲ್ಲ. ಆ ಅಂಗೈಯಗಲದಲ್ಲಿ ಯಾರ ಮುಖವಿತ್ತು ಎಂದು ದೊಡ್ಡವ್ವನನ್ನು ಕೇಳಬಹುದಿತ್ತು. ಅಂಟಿಸುವಾಗ ಅವಳು ನೋಡಿಯೇ ಇರುತ್ತಾಳೆ. ಕೇಳುವ ಆಸೆ ನನ್ನಲ್ಲಿ ಉಳಿದಿರಲಿಲ್ಲ.

ಏಳಲು ಹೊರಟಾಗ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟೆ. ಅವಳು ಅದನ್ನು ಮತ್ತೆ ನನ್ನ ಕಡೆಗೆ ತಳ್ಳಿದಳು. ಸೊಸೆಗೆ ಇನ್ನು ತೊಂದರೆ ಕೊಡುವುದಿಲ್ಲ, ಹದಿನೇಳನೆಯದರಿಂದ ನೀನೇ ಓದು ಎಂದಳು. ಬೋಗಾದಿಯಿಂದ ದಿನಾ ಬರಲಾಗುವುದಿಲ್ಲವೆಂದು ಅವಳಿಗೂ ಗೊತ್ತು, ಫೋನಿನಲ್ಲಿ ಓದಬೇಕಂತೆ, ದೀಪ ಹಚ್ಚುವ ಹೊತ್ತಿಗೆ. ನಾನು ಒಪ್ಪಿಕೊಂಡೆ. ಕೊನೆಯ ಪುಟಕ್ಕೆ ಏನು ಮಾಡಲಿ, ಗೊತ್ತಿದ್ದಷ್ಟು ಹೊಂದಿಸಿ ಓದಲೇ ಎಂದು ಮೆಲ್ಲಗೆ ಕೇಳಿದೆ.

“ಬ್ಯಾಡ. ತೂತು ಬಂದ್ರೆ ತೂತು ಅಂತಲೇ ಓದು. ನೀನಾಗಿ ಏನೂ ಸೇರಿಸ್ಬೇಡ.”

ಅಂದಿನಿಂದ ದಿನವೂ ಓದುತ್ತಿದ್ದೇನೆ. ಅಂಗಡಿಯ ಮೇಜಿನ ಮೇಲೆ ಫೋನು ಒರಗಿಸಿಟ್ಟು, ಮಷೀನು ನಿಲ್ಲಿಸಿ, ಒಂದು ಕಂತು. ಆ ಕಡೆ ಅವಳು ಹ್ಞೂಂ ಅನ್ನುತ್ತಾಳೆ. ಕೆಲವು ದಿನ ಹಿನ್ನೆಲೆಯಲ್ಲಿ ಕಾಲೆಳೆಯುವ ಸದ್ದು ಬಂದು ನಿಲ್ಲುತ್ತದೆ, ತಮ್ಮನೂ ಕೂತು ಕೇಳುತ್ತಾನೆಂದು ತಿಳಿಯುತ್ತದೆ. ಆಗ ಸಾಲು ತಪ್ಪುತ್ತದೆ, ಬೆರಳಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಓದುತ್ತೇನೆ. ಇದ್ದದ್ದನ್ನಷ್ಟೇ.

ನಿನ್ನೆ ಮೂವತ್ತೊಂಬತ್ತನೆಯದು ಮುಗಿಯಿತು. ಇವತ್ತು ಬೆಳಿಗ್ಗೆಯಿಂದ ಎರಡು ಬ್ಲೌಸು ಕೆಡಿಸಿದ್ದೇನೆ. ಹನ್ನೆರಡು ಸಾಲುಗಳವರೆಗೆ ಹೇಗೋ ಬರುತ್ತೇನೆ. ಆ ಹೆಂಗಸು ಬಾಗಿಲ ಮುಂದೆ ನಿಲ್ಲುತ್ತಾಳೆ. ಅಲ್ಲಿಂದ ಮುಂದೆ, ಇಲ್ಲಿ ನಾನು ಕಿತ್ತ ತೂತಿದೆ ದೊಡ್ಡವ್ವ, ಎಂದು ತಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಓದಬೇಕು. ನಾಲ್ಕು ಸಲ ಓದಿ ನೋಡಿದೆ, ನಾಲ್ಕು ಸಲವೂ ‘ನಾನು ಕಿತ್ತ’ ಎಂಬಲ್ಲಿ ದನಿ ತಗ್ಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಇನ್ನು ಅರ್ಧ ಗಂಟೆಯಿದೆ.